ಅಂಗಿಗೆ ಚುಚ್ಚಿದ ಪುಟ್ಟ ಬಾವುಟದ ಹಿಂದೆ



ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಮುಂಬೈಗೆ ಬಂದಿದ್ದೀರಾ? ಹಾಗಿದ್ದರೆ ಈ ಊರನ್ನು ನೀವು ನೋಡಿಯೇ ಇರುತ್ತೀರಿ. ಪುಣೆಯಲ್ಲಿ ಇಳಿದು ಚಹಾ ಕುಡಿದು ಮತ್ತೆ ಸೀಟಿಗೆ ಬಂದು ಕೂರುವಷ್ಟರಲ್ಲಿ ಶಿವಾಜಿನಗರ ಹೋಯಿತು, ಅದರ ಬೆನ್ನಿಗೇ ಖಡ್ಕಿ ಎಂಬ ಹಳದಿ ಫಲಕ ಕಿಟಕಿಯಲ್ಲಿ ಸರಿದುಹೋಯಿತು. ಬ್ರಿಟಿಷರ ಬಾಯಲ್ಲಿ ಇದು ಕಿರ್ಕಿ. ದಂಡಿನ ಊರು. ಮದ್ದುಗುಂಡು ತಯಾರಿಸುವ ಹಳೆಯ ಕಾರ್ಖಾನೆ ಇಲ್ಲಿದೆ. ಗುಂಡು ತಗುಲಿ ಮೈ ಸ್ವಾಧೀನ ಕಳೆದುಕೊಂಡ ಸೈನಿಕರ ಮನೆಯೂ ಇಲ್ಲಿಯೇ ಇದೆ.

ಪ್ರತಿ ವರ್ಷ ಡಿಸೆಂಬರ್ 7 ಬಂದರೆ ನಮ್ಮಂಥ ಉದ್ಘೋಷಕರು ಒಂದು ವಾಕ್ಯ ಓದುತ್ತೇವೆ: 'ಇಂದು ಸಶಸ್ತ್ರ ಪಡೆಗಳ ಧ್ವಜ ದಿನ.' ಓದಿ ಮುಂದಿನ ಹಾಡಿಗೆ ಹೋಗಿಬಿಡುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ಓದಿದ್ದೇನೆ. ಶಾಲೆಯಲ್ಲಿ ಮೇಷ್ಟ್ರು ಕೊಡುತ್ತಿದ್ದ ಕಾಗದದ ಬಾವುಟ ನಿಮಗೂ ನೆನಪಿರಬಹುದು. ಕೆಂಪು, ಕಡು ನೀಲಿ, ತಿಳಿ ನೀಲಿ ಎಂದು ಮೂರು ಪಟ್ಟಿ. ಭೂಸೇನೆ, ನೌಕಾಪಡೆ, ವಾಯುಪಡೆ. ಮನೆಯಿಂದ ಚಿಲ್ಲರೆ ತಂದು ಡಬ್ಬಿಗೆ ಹಾಕಿದರೆ ಗುಂಡುಸೂಜಿಯಲ್ಲಿ ಅಂಗಿಗೆ ಚುಚ್ಚುತ್ತಿದ್ದರು. ಆ ಚಿಲ್ಲರೆ ಎಲ್ಲಿಗೆ ಹೋಗುತ್ತದೆ ಎಂದು ಅವತ್ತು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸ್ವಲ್ಪ ಹಿಂದಕ್ಕೆ, ಮೊದಲ ಮಹಾಯುದ್ಧದ ಬೊಂಬಾಯಿಗೆ ಹೋಗೋಣ.

ಆ ಯುದ್ಧದಲ್ಲಿ ದುಡಿದ ಭಾರತೀಯರು ಸುಮಾರು 13 ಲಕ್ಷ. ಸತ್ತವರು 70,000ಕ್ಕೂ ಹೆಚ್ಚು. ಮೆಸಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹಡಗು ಹೊರಡುತ್ತಿದ್ದುದು ಬೊಂಬಾಯಿ ಬಂದರಿನಿಂದ. ಗಾಯಾಳುಗಳನ್ನು ಹೊತ್ತ ಆಸ್ಪತ್ರೆ ಹಡಗುಗಳು ಬಂದು ನಿಲ್ಲುತ್ತಿದ್ದುದೂ ಅಲ್ಲಿಯೇ. ಗೇಟ್‌ವೇ ಆಫ್ ಇಂಡಿಯಾ ಆಗಿನ್ನೂ ಎದ್ದಿರಲಿಲ್ಲ, ಅದು ಮುಗಿದದ್ದು 1924ರಲ್ಲಿ. ಮುಂಬೈಯ ಓದುಗರು ಮಕ್ಕಳನ್ನು ಕರೆದುಕೊಂಡು ಹೋಗುವ ವಸ್ತುಸಂಗ್ರಹಾಲಯವಿದೆಯಲ್ಲ, ಹಿಂದಿನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಅದರ ಕಟ್ಟಡ ಆ ದಿನಗಳಲ್ಲಿ ಸೈನಿಕ ಆಸ್ಪತ್ರೆಯಾಗಿತ್ತು. ಮ್ಯೂಸಿಯಂ ಬಾಗಿಲು ತೆರೆದದ್ದು 1922ರಲ್ಲಿ. ಇಂದು ಹಳೆಯ ಶಿಲ್ಪಗಳಿರುವ ಆ ಗುಮ್ಮಟದ ಕೆಳಗೆ ಒಮ್ಮೆ ಕೈಕಾಲು ಕಳೆದುಕೊಂಡವರ ಮಂಚಗಳಿದ್ದವು.

ಗಾಯ ಮಾಯಿತು, ಮುಂದೇನು? ಊರಿಗೆ ಹೋದರೆ ನೇಗಿಲು ಹಿಡಿಯಲು ಕೈ ಬೇಕು, ಗದ್ದೆಗಿಳಿಯಲು ಕಾಲು ಬೇಕು. ಅಂಗವಿಕಲರ ಪಿಂಚಣಿ ಒಂದಿಷ್ಟು ಇತ್ತು, ಸಂಸಾರ ಸಾಗುವಷ್ಟಲ್ಲ. 1917ರಲ್ಲಿ ಬೊಂಬಾಯಿಯ ಗವರ್ನರರ ಪತ್ನಿ ಲೇಡಿ ವಿಲಿಂಗ್ಡನ್ ಇಂಥವರಿಗಾಗಿಯೇ ಒಂದು ಕಸುಬಿನ ಶಾಲೆ ತೆರೆದರು. ಹೆಸರು ರಾಣಿ ಮೇರಿಯದು. ಯಂತ್ರ ರಿಪೇರಿ, ಹೊಲಿಗೆಯಂಥ ಕೆಲಸಗಳನ್ನು ಕಲಿಸಿ, ತನ್ನ ಅನ್ನ ತಾನೇ ದುಡಿದುಕೊಳ್ಳುವಂತೆ ಮಾಡಿ ಕಳಿಸುವುದು ಉದ್ದೇಶ. ಕೆಲವು ವರ್ಷಗಳ ಬಳಿಕ ಶಾಲೆ ಖಡ್ಕಿಗೆ ಬಂತು. ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂಬ ಫಲಕ ಇಂದಿಗೂ ಅಲ್ಲಿದೆ. ನೂರು ವರ್ಷ ದಾಟಿದ ಸಂಸ್ಥೆ.

ಇದು ಬರೀ ಕರುಣೆಯೇ? ನನಗೇನೋ ಹಾಗನಿಸುವುದಿಲ್ಲ. ಸೇನೆಗೆ ಇನ್ನೂ ಜನ ಬೇಕಾಗಿದ್ದ ಕಾಲ. ಒಂಟಿಗಾಲಿನ ಸಿಪಾಯಿ ಊರ ಕಟ್ಟೆಯ ಮೇಲೆ ಬೇಡುತ್ತ ಕುಳಿತರೆ ಆ ಊರಿನಿಂದ ಇನ್ನೊಬ್ಬ ಹುಡುಗ ಸೇನೆಗೆ ಸೇರುತ್ತಾನೆಯೇ? ಆಳುವವರಿಗೆ ಈ ಲೆಕ್ಕ ತಿಳಿಯದ್ದೇನಲ್ಲ. ಆದರೂ ಲೆಕ್ಕಾಚಾರದಿಂದ ಹುಟ್ಟಿದ ಶಾಲೆಯಲ್ಲಿ ಕಲಿತವನ ಕಸುಬು ಸುಳ್ಳಾಗುವುದಿಲ್ಲ, ಅದನ್ನೂ ಹೇಳಬೇಕು.

ಎರಡನೆಯ ಮಹಾಯುದ್ಧ ಬಂದಾಗ ಮತ್ತೆ ಇದೇ ಕಥೆ. 1944ರಲ್ಲಿ ಪುಣೆಯಲ್ಲಿ ಸೇನೆಯ ಕೃತಕ ಅಂಗ ಕೇಂದ್ರ ಶುರುವಾಯಿತು. ಅದೇ ಹೊತ್ತಿಗೆ ದೂರದ ಡೆಹ್ರಾಡೂನಿನಲ್ಲಿ ಕಣ್ಣು ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ ಸೇಂಟ್ ಡನ್‌ಸ್ಟನ್ಸ್ ಎಂಬ ವಸತಿ ತರಬೇತಿ ಮನೆ ತೆರೆಯಿತು. ಅದನ್ನು ಕಟ್ಟಿದವರು ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ. ಆತನೂ ಅಂಧನೇ, 1915ರಲ್ಲಿ ಗಲಿಪೊಲಿಯ ಕಾಳಗದಲ್ಲಿ ಎರಡೂ ಕಣ್ಣು ಹೋಗಿದ್ದವು. ಇಲ್ಲಿ ಒಂದು ತೊಡಕು. ಪಂಜಾಬಿನವನು, ಮದರಾಸಿನವನು, ಮರಾಠ, ಎಲ್ಲರೂ ಒಂದೇ ಕೋಣೆಯಲ್ಲಿ. ಯಾವ ಬ್ರೈಲ್ ಕಲಿಸುವುದು? ಆಗ ನಮ್ಮ ದೇಶದಲ್ಲಿ ಒಂದಲ್ಲ, ಹಲವು ಬಗೆಯ ಬ್ರೈಲ್ ಬಳಕೆಯಲ್ಲಿದ್ದವು. ಭಾರತೀಯ ಭಾಷೆಗಳಿಗೆಲ್ಲ ಒಂದೇ ಚುಕ್ಕಿ ಲಿಪಿ ಬರಬೇಕೆಂಬ ಪ್ರಯತ್ನದಲ್ಲಿ ಮೆಕೆಂಜಿಯವರ ಕೈಯೂ ಇತ್ತು. 1951ರಲ್ಲಿ ಭಾರತಿ ಬ್ರೈಲ್ ಬಂತು. ಇಂದು ಕನ್ನಡದ ಅಂಧ ಮಗು 'ಅ, ಆ' ಎಂದು ಬೆರಳಾಡಿಸುವುದು ಆ ಚುಕ್ಕಿಗಳ ಮೇಲೆಯೇ! ಸೈನಿಕರ ಆ ಮನೆಯನ್ನು 1950ರಲ್ಲಿ ಸರ್ಕಾರ ವಹಿಸಿಕೊಂಡು, ಅಂಧರೆಲ್ಲರ ತರಬೇತಿ ಕೇಂದ್ರ ಮಾಡಿತು.

ಸ್ವಾತಂತ್ರ್ಯ ಬಂದ ಮೇಲೆ 1949ರ ಆಗಸ್ಟ್ 28ರಂದು ರಕ್ಷಣಾ ಸಚಿವರ ಸಮಿತಿಯೊಂದು ಧ್ವಜ ದಿನವನ್ನು ಗೊತ್ತುಪಡಿಸಿತು. ಅದೇ ವರ್ಷ ಸೇನೆಗೆ ನಮ್ಮ ಕೊಡಗಿನ ಕಾರ್ಯಪ್ಪನವರು ಮೊದಲ ಭಾರತೀಯ ಮಹಾದಂಡನಾಯಕರಾಗಿದ್ದರು. ಅವರ ಬಗ್ಗೆ ನಮಗೆ ಗೊತ್ತಿರುವುದು ಶಿಸ್ತು, ಮೀಸೆ, ಇಂಗ್ಲಿಷು. ಗೊತ್ತಿಲ್ಲದ್ದು ನಿವೃತ್ತಿಯ ನಂತರದ ದುಡಿಮೆ. 1964ರಲ್ಲಿ ಮಾಜಿ ಸೈನಿಕರ ಸಂಘಟನೆ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದವರು ಅವರು. ಮರು ವರ್ಷವೇ ಯುದ್ಧ. ಮಗ ಯುದ್ಧವಿಮಾನದ ಪೈಲಟ್, ಪಾಕಿಸ್ತಾನದ ಸೆರೆಗೆ ಬಿದ್ದ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೊಮ್ಮೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನಿಗೆ ವಿಶೇಷ ಸವಲತ್ತು ಬೇಡ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ ಎಂದು ತಂದೆ ಹೇಳಿ ಕಳಿಸಿದ ಕಥೆಯನ್ನು ಕೊಡಗಿನವರು ಇಂದಿಗೂ ಹೇಳುತ್ತಾರೆ.

ಅದೇ 1965ರ ಯುದ್ಧದಲ್ಲಿ ಸಾಂಗ್ಲಿ ಜಿಲ್ಲೆಯ ಹುಡುಗನೊಬ್ಬ ಗುಂಡೇಟು ತಿಂದ. ಮುರಳಿಕಾಂತ್ ಪೇಟ್ಕರ್, ಸೇನೆಯ ಇಎಂಇ ವಿಭಾಗದ ಯೋಧ, ಒಳ್ಳೆಯ ಬಾಕ್ಸರ್. ಒಂದು ಗುಂಡು ಬೆನ್ನುಮೂಳೆಯಲ್ಲೇ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಚಿಕಿತ್ಸೆಗೆಂದು ನೀರಿಗಿಳಿಸಿದರು, ಆತ ಈಜುಗಾರನಾದ. ಆದರೆ ವಿದೇಶದ ಸ್ಪರ್ಧೆಗೆ ಹೋಗಲು ವಿಮಾನದ ಟಿಕೆಟಿಗೆ ದುಡ್ಡು ಯಾರು ಕೊಡಬೇಕು? ಕೊಟ್ಟದ್ದು ಕ್ರಿಕೆಟಿಗ ವಿಜಯ್ ಮರ್ಚೆಂಟ್ ನಡೆಸುತ್ತಿದ್ದ ಅಂಗವಿಕಲರ ಸೇವಾಸಂಸ್ಥೆ. ನಿಮ್ಮಲ್ಲಿ ಹಿರಿಯರಿಗೆ ಮರ್ಚೆಂಟರ ದನಿ ಪರಿಚಯವಿದ್ದೀತು. ವಿವಿಧ ಭಾರತಿಯಲ್ಲಿ ಅವರದೊಂದು ಕ್ರಿಕೆಟ್ ಕಾರ್ಯಕ್ರಮ ಬರುತ್ತಿತ್ತು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ ಪೇಟ್ಕರ್ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು, ವಿಶ್ವದಾಖಲೆಯೊಂದಿಗೆ. ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದು 2008ರಲ್ಲಿ ಎಂದು ನೆನಪಿಸಿಕೊಳ್ಳಿ, 36 ವರ್ಷಗಳ ಅಂತರ. ಪೇಟ್ಕರರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. 2024ರಲ್ಲಿ 'ಚಂದು ಚಾಂಪಿಯನ್' ಸಿನಿಮಾ ಬಂದ ಮೇಲೆ ಹೆಚ್ಚಿನವರಿಗೆ ಹೆಸರು ಗೊತ್ತಾಯಿತು.

ಎಲ್ಲರೂ ಪೇಟ್ಕರ್ ಆಗುವುದಿಲ್ಲವಲ್ಲ. ಬೆನ್ನುಹುರಿಗೆ ಪೆಟ್ಟಾದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಮಲಗಿದಲ್ಲೇ ಹುಣ್ಣು. ಹುಣ್ಣಾದದ್ದು ಅವನಿಗೇ ಗೊತ್ತಾಗುವುದಿಲ್ಲ, ನೋವೇ ಇರುವುದಿಲ್ಲ. ಮೂತ್ರದ ಸೋಂಕು ಮೂತ್ರಪಿಂಡಕ್ಕೇರಿ ಪ್ರಾಣವನ್ನೇ ತೆಗೆದೀತು. ಹಳ್ಳಿಯ ಮನೆಯಲ್ಲಿ, ವಯಸ್ಸಾದ ತಾಯಿಯೊಬ್ಬಳೇ ಇರುವಲ್ಲಿ, ಇದನ್ನು ದಿನವೂ ರಾತ್ರಿಯೂ ಮಾಡುವವರು ಯಾರು? 1971ರ ಯುದ್ಧದ ಬಳಿಕ, 1974ರಲ್ಲಿ ಖಡ್ಕಿಯಲ್ಲಿ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಶನ್ ಸೆಂಟರ್ ಹುಟ್ಟಿದ್ದು ಈ ಕಾರಣಕ್ಕೆ. ಇಲ್ಲಿ ಗಾಲಿಕುರ್ಚಿಯಲ್ಲಿ ಕೂತು ಬ್ಯಾಸ್ಕೆಟ್‌ಬಾಲ್ ಆಡುವವರಿದ್ದಾರೆ. ಕೈಯೂ ಆಡದವರು ಬಾಯಲ್ಲಿ ಕುಂಚ ಕಚ್ಚಿ ಚಿತ್ರ ಬರೆಯುತ್ತಾರೆ. ಧ್ವಜ ದಿನದ ನಿಧಿಯಿಂದ ಈ ಕೇಂದ್ರಕ್ಕೂ, ಕ್ವೀನ್ ಮೇರಿಸ್ ಸಂಸ್ಥೆಗೂ ನೆರವು ಹೋಗುತ್ತದೆ. ನಮ್ಮ ಡಬ್ಬಿಯ ಚಿಲ್ಲರೆ ಹೋದ ದಾರಿ ಇದು.

ಇನ್ನು ಮರಳಿ ಬಾರದವರ ಮನೆಯವರು. 1971ರ ಯುದ್ಧದಲ್ಲಿ ಮಡಿದ ನಮ್ಮ ಸೈನಿಕರು 3,800ಕ್ಕೂ ಹೆಚ್ಚು. ಅವರಲ್ಲಿ ಎಷ್ಟೋ ಮಂದಿಯ ಹೆಂಡಿರು ಇನ್ನೂ ಚಿಕ್ಕವರು. ಆಗ ರಾಷ್ಟ್ರಪತಿಯಾಗಿದ್ದವರು ವಿ. ವಿ. ಗಿರಿ. ಅವರ ಸೊಸೆ ಮೋಹಿನಿ ಗಿರಿ 1972ರಲ್ಲಿ ದೆಹಲಿಯಲ್ಲಿ ಯುದ್ಧ ವಿಧವೆಯರ ಸಂಘ ಕಟ್ಟಿದರು. ದೆಹಲಿಯ ಓದುಗರಲ್ಲಿ ಕೆಲವರಾದರೂ ಅವರನ್ನು ಕಂಡಿರಬಹುದು. 1995ರಿಂದ ಮೂರು ವರ್ಷ ರಾಷ್ಟ್ರೀಯ ಮಹಿಳಾ ಆಯೋಗದ ಅಧ್ಯಕ್ಷರಾಗಿದ್ದರು, 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಇಂಥ ಸಂಘಗಳ ಕೆಲಸ ಹೊರಗಿನವರಿಗೆ ದೊಡ್ಡದಾಗಿ ಕಾಣುವುದಿಲ್ಲ. ಹೆಬ್ಬೆಟ್ಟಿನ ಹೆಂಗಸಿಗೆ ಪಿಂಚಣಿ ಅರ್ಜಿ ತುಂಬಿಕೊಡುವುದು, ಬಂದ ಹಣ ಅವಳ ಕೈಯಲ್ಲೇ ಉಳಿಯುವಂತೆ ನೋಡುವುದು, ಒಂದು ಕಸುಬು ಕಲಿಸುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು.

ಹಣ ಯಾರ ಕೈಯಲ್ಲಿ ಎಂಬುದು ಸಣ್ಣ ಮಾತಲ್ಲ. ಶೌರ್ಯ ಪದಕ ಪಡೆದು ಮಡಿದವನ ಪತ್ನಿಗೆ ಪದಕದೊಂದಿಗೆ ಒಂದು ಮಾಸಿಕ ಭತ್ಯೆ ಬರುತ್ತದೆ. ಆಕೆ ಮರುಮದುವೆಯಾದರೆ ಅದು ನಿಲ್ಲುತ್ತಿತ್ತು. ಒಂದೇ ವಿನಾಯಿತಿ ಇತ್ತು: ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ನಿಲ್ಲುವುದಿಲ್ಲ! ಗಂಡ ಗಳಿಸಿದ ಪದಕದ ಗೌರವ ಗಂಡನ ಮನೆಯ ಹೊಸಿಲಿನೊಳಗೇ ಇರಬೇಕು ಎಂದಂತಾಯಿತು. ರಕ್ಷಣಾ ಸಚಿವಾಲಯ ಆ ಷರತ್ತನ್ನು ತೆಗೆದುಹಾಕಿದ್ದು 2017ರ ನವೆಂಬರಿನಲ್ಲಿ. ದೆಹಲಿಯಲ್ಲಿ ಆ ಸಂಘ ಶುರುವಾಗಿ ಆ ಹೊತ್ತಿಗೆ 45 ವರ್ಷಗಳಾಗಿದ್ದವು.