ಮುಂಗಡ ಕೊಟ್ಟವರು ಸಾಲಿನ ಕೊನೆಯಲ್ಲಿ: ವಿ.ಪಿ.ಪಿ.ಯಿಂದ ಬೈಜೂಸ್‌ವರೆಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ವ್ಯಾಪಾರದಲ್ಲಿ ಮುಳುಗಿದವರ ಬಗ್ಗೆ ಹಿರಿಯರು ಈಗಲೂ ‘ಪಾಪರ್ ಆಗಿಹೋದ’, ‘ಪಾಪರ್ ಚೀಟಿ ತಗೊಂಡ’ ಅನ್ನುತ್ತಾರೆ. ಪಾಪರ್ ಅನ್ನೋದು ಇಂಗ್ಲಿಷರ ಕೋರ್ಟಿನಿಂದ ಊರಿಗೆ ಬಂದ ಮಾತು. ದಿವಾಳಿ ಅನ್ನೋದು ಅದಕ್ಕಿಂತ ಹಳೆಯದು. ಸಾಲ ತೀರಿಸಲಾಗದ ಸಾಹುಕಾರ ಹಗಲು ಹೊತ್ತಿನಲ್ಲೇ ಅಂಗಡಿಯಲ್ಲಿ ದೀಪ ಹಚ್ಚಿಟ್ಟು ಕೂರುತ್ತಿದ್ದ, ಅದನ್ನು ನೋಡಿ ಜನ ಅರ್ಥ ಮಾಡಿಕೊಳ್ಳುತ್ತಿದ್ದರು ಅನ್ನುವ ಮಾತೂ ಇದೆ.

ಈಗ ಅಂಗಡಿಯೇ ಫೋನಿನೊಳಗಿದೆ. ಅದು ಮುಳುಗಿದರೆ ಹಗಲು ದೀಪ ಕಾಣುವುದಿಲ್ಲ, ಆ್ಯಪ್ ತೆರೆಯುವುದಿಲ್ಲ ಅಷ್ಟೆ. ಮಿಕ್ಸಿಗೋ, ಮಗಳ ಕೋರ್ಸಿಗೋ ಮೊದಲೇ ಕಟ್ಟಿದ ದುಡ್ಡು ಏನಾಗುತ್ತದೆ? ಈ ಪ್ರಶ್ನೆ ಹಿಡಿದು ನಾವು ಸ್ವಲ್ಪ ಹಿಂದಿನ ಚರಿತ್ರೆಗೆ ಹೋದೆವು. ಒಂದು ವಿಷಯ ಸ್ಪಷ್ಟವಾಯಿತು. ವಸ್ತು ಕೈಗೆ ಬರುವ ಮೊದಲೇ ಹಣ ಕೊಟ್ಟವರು ಕಾನೂನಿನ ಕಣ್ಣಲ್ಲಿ ಬರೀ ಗಿರಾಕಿಗಳಲ್ಲ, ಆ ಕಂಪನಿಗೆ ಸಾಲ ಕೊಟ್ಟವರು. ಅದೂ ಬಡ್ಡಿಯಿಲ್ಲದೆ, ಪತ್ರವಿಲ್ಲದೆ, ಅಡಮಾನವಿಲ್ಲದೆ. (ನಮ್ಮ ಭಾಷೆಯಲ್ಲಿ ಸಾಲ ಕೊಟ್ಟವರನ್ನೂ ತಗೊಂಡವರನ್ನೂ ‘ಸಾಲಗಾರ’ ಅಂತಲೇ ಕರೆಯುವುದುಂಟು. ಇಲ್ಲಿ ಗೊಂದಲ ಬೇಡವೆಂದು ‘ಸಾಲ ಕೊಟ್ಟವರು’ ಅಂತಲೇ ಬರೆಯುತ್ತೇವೆ.)

ದೂರದ ಅಂಗಡಿಯಿಂದ ಸಾಮಾನು ತರಿಸುವುದು ಹೊಸದೇನಲ್ಲ. ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆ 1877ರಲ್ಲೇ ವಿ.ಪಿ.ಪಿ. ಶುರುಮಾಡಿತ್ತು. ನಮ್ಮ ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಆ ಇಲಾಖೆಯೊಳಗೆ ಸೇರಿತು. ವಿ.ಪಿ.ಪಿ. ನೆನಪಿರುವವರು ಪ್ರತಿ ಊರಲ್ಲೂ ಇದ್ದಾರೆ. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಒಂದು ಕಾರ್ಡು ಬರೆದರೆ ಪುಸ್ತಕವೋ ಗಡಿಯಾರವೋ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಪಾರ್ಸೆಲ್ ತೋರಿಸಿ, ಹಣ ಎಣಿಸಿಕೊಂಡು, ಆಮೇಲೆ ಕೈಗೆ ಕೊಡುತ್ತಿದ್ದ. ಒಳಗೆ ಇಟ್ಟಿಗೆ ಚೂರು ಬಂದ ಕಥೆಗಳೂ ಇದ್ದವು, ನಿಜ. ಆದರೆ ಕಳಿಸಿದ ಅಂಗಡಿ ನಡುವೆ ಮುಳುಗಿದರೆ ತರಿಸಿಕೊಂಡವರ ಗಂಟೇನೂ ಹೋಗುತ್ತಿರಲಿಲ್ಲ. ಪಾರ್ಸೆಲ್ ಬಂದಿಲ್ಲ, ಹಣ ಕೊಟ್ಟಿಲ್ಲ, ಲೆಕ್ಕ ಸರಿ.

ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಲು ಶುರುವಾದ ಫ್ಲಿಪ್‌ಕಾರ್ಟ್ 2010ರಲ್ಲಿ ‘ಕ್ಯಾಶ್ ಆನ್ ಡೆಲಿವರಿ’ ತಂದಾಗ ಹೊಸ ಯುಗ ಬಂತೆಂದು ಹೊಗಳಿದವರುಂಟು. ಅದು ನಮ್ಮ ಅಜ್ಜಂದಿರ ವಿ.ಪಿ.ಪಿ. ಅಲ್ಲದೆ ಬೇರೇನೂ ಅಲ್ಲ. ಆಮೇಲೆ ಯುಪಿಐ ಬಂತು, ಮೊದಲೇ ಕಟ್ಟಿದರೆ ರಿಯಾಯಿತಿ ಬಂತು, ಕಂತು ಬಂತು. 130 ವರ್ಷದಿಂದ ಕೈಯಲ್ಲಿ ಹಿಡಿದಿದ್ದ ದುಡ್ಡನ್ನು ಜನ ಸಾಮಾನು ಬರುವ ಮೊದಲೇ ಬಿಟ್ಟುಕೊಡತೊಡಗಿದರು.

ಇದರ ಉಲ್ಟಾ ಕಷ್ಟ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಅವರು ಮೊದಲು ಮಾಲು ಕೊಟ್ಟು ಆಮೇಲೆ ಹಣಕ್ಕೆ ಕಾಯುವವರು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಇವತ್ತು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಮಂಡಳಿಯ ಕಾಯ್ದೆ ಬಂದದ್ದು 1975ರಲ್ಲಿ, ಕರ್ನಾಟಕದಲ್ಲಿ ಹರಾಜು ಶುರುವಾದದ್ದು 1984ರಲ್ಲಿ. ಅದಕ್ಕೂ ಮೊದಲು ಬೆಳೆಗಾರರು ವ್ಯಾಪಾರಿಯ ಬಾಯಿಮಾತನ್ನು ನಂಬಿ ಬೇಲು ಕೊಡಬೇಕಿತ್ತು. ಹರಾಜು ಬಂದ ಮೇಲೆ ಕೊಳ್ಳುವ ಕಂಪನಿಗೂ ಬೆಳೆಗಾರರಿಗೂ ನಡುವೆ ಮಂಡಳಿ ನಿಂತಿತು. ಕಂಪನಿಯಿಂದ ಹಣ ವಸೂಲಿ ಮಾಡಿ ಬೆಳೆಗಾರರ ಖಾತೆಗೆ ಹಾಕುವುದು ಅದರ ಕೆಲಸವಾಯಿತು. ಕಬ್ಬಿಗೂ ಹೀಗೇ ಒಂದು ನಿಯಮವಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ. ಚನ್ನರಾಯಪಟ್ಟಣ ತಾಲ್ಲೂಕಿನ ಕಬ್ಬು ಬೆಳೆಗಾರರಿಗೆ ಈ 14 ಬಾಯಿಪಾಠ. ನಿಯಮ ಎಷ್ಟರಮಟ್ಟಿಗೆ ಪಾಲನೆಯಾಗುತ್ತದೆ ಅನ್ನೋದು ಬೇರೆ ಮಾತು, ನಿಯಮವಂತೂ ಇದೆ.

ಬ್ಯಾಂಕಿನಲ್ಲಿ ಹಣ ಇಟ್ಟವರ ಕಥೆಯೂ ಇದೇ ದಾರಿಯದು. 1906ರ ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿತು. ಅದರ ದೊರೆ ಸರ್ ಜಾರ್ಜ್ ಅರ್ಬತ್‌ನಾಟ್‌ಗೆ ಜೈಲಾಯಿತು, ದಕ್ಷಿಣದ ಸಾವಿರಾರು ಮನೆಗಳ ಉಳಿತಾಯ ಮುಳುಗಿತು. ಮೂರು ವರ್ಷಕ್ಕೆ, 1909ರಲ್ಲಿ, ಮದರಾಸು, ಬೊಂಬಾಯಿ, ಕಲ್ಕತ್ತೆಗೆ ಹೊಸ ದಿವಾಳಿ ಕಾಯ್ದೆ ಬಂತು. ಆದರೆ ಠೇವಣಿದಾರರಿಗೆ ನಿಜವಾದ ಆಸರೆ ಸಿಗಲು ಇನ್ನೂ ಅರ್ಧ ಶತಮಾನ ಹಿಡಿಯಿತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿದ ಮೇಲೆ ಠೇವಣಿ ವಿಮೆಯ ಕಾಯ್ದೆಯಾಗಿ, 1962ರ ಜನವರಿಯಿಂದ ಜಾರಿಗೆ ಬಂತು. ಆಗ ಒಬ್ಬರಿಗೆ 1,500 ರೂಪಾಯಿವರೆಗೆ ಮಾತ್ರ. 1993ರಲ್ಲಿ ಅದು 1 ಲಕ್ಷ ಆಯಿತು. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನಿರ್ಬಂಧ ಹಾಕಿದಾಗ ಠೇವಣಿದಾರರು ತೆಗೆಯಬಹುದಾಗಿದ್ದುದು 35,000 ರೂಪಾಯಿ. ಮರುತಿಂಗಳೇ ದೇಶಕ್ಕೆಲ್ಲ ವಿಮೆಯ ಮಿತಿ 5 ಲಕ್ಷವಾಯಿತು. ಇಂಥ ನಿರ್ಬಂಧ ಬಿದ್ದರೆ 90 ದಿನದೊಳಗೆ ವಿಮೆ ಹಣ ಕೊಡಬೇಕೆಂದು 2021ರಲ್ಲಿ ತಿದ್ದುಪಡಿಯೂ ಆಯಿತು.

ಗಮನಿಸಿ, ಪ್ರತಿ ಸಲವೂ ಮೊದಲು ಒಂದು ಮುಳುಗಡೆ, ಆಮೇಲೆ ಬೀದಿಯಲ್ಲಿ ಕೂಗು, ಆಮೇಲೆ ಕಾನೂನು. ಆನ್‌ಲೈನ್‌ನಲ್ಲಿ ಮುಂಗಡ ಕಟ್ಟಿದವರು ಇನ್ನೂ ಆ ಕೂಗು ಹಾಕಿಲ್ಲ. ಒಬ್ಬರದು 900 ರೂಪಾಯಿ, ಇನ್ನೊಬ್ಬರದು 2,400. ಒಬ್ಬರು ಹೊಳೆನರಸೀಪುರದಲ್ಲಿ, ಇನ್ನೊಬ್ಬರು ಗುವಾಹಟಿಯಲ್ಲಿ. ಯಾರು ಯಾರನ್ನು ಸೇರಿಸಿಕೊಂಡು ಯಾರ ಬಾಗಿಲಲ್ಲಿ ಕೂರಬೇಕು?

ಈಗ ನಡೆಯುತ್ತಿರುವುದು 2016ರ ದಿವಾಳಿ ಸಂಹಿತೆ. ಅದರಲ್ಲಿ, ಕಂಪನಿ ಪೂರ್ತಿ ಮುಚ್ಚಿ ಆಸ್ತಿ ಮಾರಿದರೆ ಹಣ ಯಾರಿಗೆ ಮೊದಲು ಅನ್ನುವ ಸಾಲು ಬರೆದಿಟ್ಟಿದೆ. ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲಿನಂತೆಯೇ ಅಂದುಕೊಳ್ಳಿ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅವರ ಜೊತೆಗೇ ಆಸ್ತಿ ಅಡವಿಟ್ಟುಕೊಂಡ ಬ್ಯಾಂಕುಗಳು. ಆಮೇಲೆ ಉಳಿದ ನೌಕರರ 12 ತಿಂಗಳ ಸಂಬಳ. ಆಮೇಲೆ ಅಡವಿಲ್ಲದೆ ಸಾಲ ಕೊಟ್ಟ ಹಣಕಾಸು ಸಂಸ್ಥೆಗಳು, ಆಮೇಲೆ ಸರ್ಕಾರದ ತೆರಿಗೆ. ಇಷ್ಟೆಲ್ಲ ಆಗಿ ಡಬ್ಬಿಯಲ್ಲಿ ಏನಾದರೂ ಉಳಿದಿದ್ದರೆ ‘ಇತರ ಸಾಲಗಳು’. ಮಿಕ್ಸಿಗೆ ಹಣ ಕಟ್ಟಿದವರು ನಿಂತಿರುವುದು ಅಲ್ಲಿ. ಅವರ ಹಿಂದೆ ಇರುವುದು ಷೇರುದಾರರು ಮಾತ್ರ.

ಈ ಸಾಲಿನಲ್ಲಿ ಮುಂದೆ ಹೋದವರೂ ಇದ್ದಾರೆ. ದಿಲ್ಲಿ ಹತ್ತಿರದ ಜೇಪೀ ಇನ್ಫ್ರಾಟೆಕ್ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋದಾಗ ಫ್ಲ್ಯಾಟಿಗೆ ಮುಂಗಡ ಕಟ್ಟಿದ್ದ ಸಾವಿರಾರು ಜನ ಬೀದಿಗೂ ಸುಪ್ರೀಂ ಕೋರ್ಟಿಗೂ ಹೋದರು. 2018ರ ಜೂನ್‌ನಲ್ಲಿ ಸುಗ್ರೀವಾಜ್ಞೆ ಬಂತು. ಮನೆ ಕೊಳ್ಳುವವರು ಹಣಕಾಸು ಸಾಲ ಕೊಟ್ಟವರ ಸಾಲಿಗೆ ಸೇರಿದರು, ಸಾಲ ಕೊಟ್ಟವರ ಸಮಿತಿಯಲ್ಲಿ ಮತ ಹಾಕುವ ಹಕ್ಕೂ ಸಿಕ್ಕಿತು. ಮನೆಗೆ ಕಟ್ಟಿದ ಮುಂಗಡಕ್ಕೆ ಒಂದು ಬೆಲೆ, ಟಿವಿಗೆ ಕಟ್ಟಿದ ಮುಂಗಡಕ್ಕೆ ಇನ್ನೊಂದು. ಮೊತ್ತ ದೊಡ್ಡದು ಅನ್ನೋದನ್ನು ಬಿಟ್ಟರೆ ಈ ಭೇದಕ್ಕೆ ನಮಗೆ ಬೇರೆ ಕಾರಣ ಕಾಣುವುದಿಲ್ಲ.

2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಬಾಗಿಲು ತೆರೆಯಿತು. ಚೆನ್ನೈ ಮೆಟ್ರೊ ಕಾಮಗಾರಿಗೆ ಸಂಬಂಧಿಸಿ ದೀಪದ ಸಾಮಾನಿಗೆಂದು ಕೊಟ್ಟ 50 ಲಕ್ಷ ಮುಂಗಡ ವಾಪಸ್ ಬರದ ಪ್ರಕರಣ ಅದು. ಸರಕು ಕೊಟ್ಟು ಹಣ ಬರಬೇಕಾದವರಂತೆಯೇ, ಹಣ ಕೊಟ್ಟು ಸರಕು ಬರಬೇಕಾದವರೂ ವ್ಯವಹಾರದ ಸಾಲ ಕೊಟ್ಟವರೇ ಎಂದು ಕೋರ್ಟ್ ಹೇಳಿತು. ಆದರೆ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಎಳೆಯಲು ಕನಿಷ್ಠ 1 ಕೋಟಿ ಬಾಕಿ ಇರಬೇಕು. 2020ರ ಮಾರ್ಚ್‌ವರೆಗೆ ಅದು 1 ಲಕ್ಷವಿತ್ತು. ಹಾಗಾಗಿ ನಾವು ನೀವು ಪ್ರಕ್ರಿಯೆ ಶುರುಮಾಡಿಸಲಾರೆವು. ಬೇರೆಯವರು ಶುರುಮಾಡಿಸಿದಾಗ ನಮ್ಮ ಲೆಕ್ಕ ಒಪ್ಪಿಸಬಹುದು, ಅಷ್ಟೆ.

ದೊಡ್ಡವರು ಮುಳುಗುವುದಿಲ್ಲ ಅನ್ನುವ ನಂಬಿಕೆಯೂ ಬೇಡ. ಟಿವಿ ಸರಬರಾಜಿನ ಬಾಕಿ ಬಂದಿಲ್ಲವೆಂದು ಒಂದು ಕಂಪನಿ ದೂರಿದ್ದಕ್ಕೆ 2019ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ಫ್ಲಿಪ್‌ಕಾರ್ಟ್ ಇಂಡಿಯಾ ವಿರುದ್ಧವೇ ದಿವಾಳಿ ಅರ್ಜಿ ಅಂಗೀಕರಿಸಿತ್ತು. 2020ರ ಫೆಬ್ರವರಿಯಲ್ಲಿ ಮೇಲ್ಮನವಿಯಲ್ಲಿ ಅದು ರದ್ದಾಯಿತು, ಅಂಗಡಿ ನಡೆದುಕೊಂಡೇ ಹೋಯಿತು.

ನಡೆಯದೇ ಹೋದದ್ದು ಬೈಜೂಸ್. ಅದು ಸಾಮಾನಿನ ಅಂಗಡಿಯಲ್ಲ, ಪಾಠದ ಅಂಗಡಿ. ಆದರೆ ಮಾರುತ್ತಿದ್ದುದು ಫೋನಿನ ಮೂಲಕ, ಟ್ಯಾಬ್ ಸಮೇತ, ಹಣ ಮುಂಗಡ. ಆದ್ದರಿಂದ ನಮ್ಮ ಪ್ರಶ್ನೆಗೆ ಕರ್ನಾಟಕದಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಿಲ್ಲ. 2011ರಲ್ಲಿ ಶುರುವಾದ ಈ ಬೆಂಗಳೂರು ಕಂಪನಿಗೆ 2022ರಲ್ಲಿ ಕಟ್ಟಿದ ಬೆಲೆ 2,200 ಕೋಟಿ ಡಾಲರ್. ಅದೇ ವರ್ಷದ ಡಿಸೆಂಬರಿನಲ್ಲಿ, ಪೋಷಕರಿಗೆ ಒತ್ತಾಯದಿಂದ ಕೋರ್ಸ್ ಮಾರುತ್ತಿದೆ ಎಂಬ ದೂರಿನ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಅದರ ಮುಖ್ಯಸ್ಥ ಬೈಜು ರವೀಂದ್ರನ್ ಅವರನ್ನು ಕರೆಸಿತ್ತು. ಬಹಳ ಪೋಷಕರು ಒಂದೇ ಸಲ ಹಣ ಕಟ್ಟಿರಲಿಲ್ಲ. ಹಣಕಾಸು ಕಂಪನಿಯಿಂದ ಸಾಲ ಮಾಡಿಸಿ ಕಂತು ಕಟ್ಟುತ್ತಿದ್ದರು. ಇಲ್ಲೇ ಕೊಕ್ಕೆ ಇರುವುದು. ಕೋರ್ಸಿನ ಒಪ್ಪಂದ ಬೈಜೂಸ್ ಜೊತೆ, ಸಾಲದ ಒಪ್ಪಂದ ಹಣಕಾಸು ಕಂಪನಿ ಜೊತೆ. ಪಾಠ ನಿಂತಿತೆಂದು ಕಂತು ತಾನಾಗಿ ನಿಲ್ಲುವುದಿಲ್ಲ.

2024ರ ಜುಲೈ 16ರಂದು ಬೆಂಗಳೂರಿನ ನ್ಯಾಯಮಂಡಳಿ ಬೈಜೂಸ್ ವಿರುದ್ಧ ದಿವಾಳಿ ಪ್ರಕ್ರಿಯೆ ಶುರುಮಾಡಿತು. ಅರ್ಜಿ ಹಾಕಿದ್ದು ಯಾವ ಪೋಷಕರೂ ಅಲ್ಲ, ಕ್ರಿಕೆಟ್ ಮಂಡಳಿ. ಭಾರತ ತಂಡದ ಅಂಗಿಯ ಮೇಲೆ ಹೆಸರು ಹಾಕಿಸಿಕೊಂಡ ಪ್ರಾಯೋಜಕತ್ವದ ಬಾಕಿ 158.9 ಕೋಟಿ. ಮುಂದೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಿ. ಬೈಜು ಅವರ ತಮ್ಮ ಆ ಹಣ ಕೊಡಲು ಮುಂದೆ ಬಂದರು, ಮಂಡಳಿ ರಾಜಿಗೆ ಒಪ್ಪಿತು, ಆಗಸ್ಟ್ 2ರಂದು ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿ ಪ್ರಕ್ರಿಯೆಯನ್ನೇ ಮುಗಿಸಿಬಿಟ್ಟಿತು. ಅಂದರೆ ಒಬ್ಬರಿಗೆ ಪೂರ್ತಿ ಹಣ ಸಿಕ್ಕಿ, ಉಳಿದವರೆಲ್ಲ ನಿಂತಲ್ಲೇ ನಿಲ್ಲುವ ಸ್ಥಿತಿ. 120 ಕೋಟಿ ಡಾಲರ್ ಸಾಲ ಕೊಟ್ಟಿದ್ದ ವಿದೇಶಿ ಸಂಸ್ಥೆಗಳು ಸುಪ್ರೀಂ ಕೋರ್ಟಿಗೆ ಹೋದವು. ಕೋರ್ಟ್ ಆಗಸ್ಟ್ 14ರಂದು ತಡೆ ಕೊಟ್ಟು, ಅಕ್ಟೋಬರ್ 23ರಂದು ರಾಜಿಯ ಆದೇಶವನ್ನು ರದ್ದುಮಾಡಿತು. ಕ್ರಿಕೆಟ್ ಮಂಡಳಿಗೆ ಬಂದಿದ್ದ ಹಣವನ್ನೂ ಸಾಲ ಕೊಟ್ಟವರ ಸಮಿತಿಯ ಖಾತೆಗೆ ಹಾಕಿಸಿತು. ಪೋಷಕರ ಪರವಾಗಿ ಈ ಹೋರಾಟ ನಡೆಯಲಿಲ್ಲ. ಆದರೂ ದೊಡ್ಡವರಿಬ್ಬರ ಜಗಳದಿಂದ ಸಾಲು ಮುರಿಯದೆ ಉಳಿಯಿತು.

ಪರದೇಶದಲ್ಲೂ ಚಿಲ್ಲರೆ ಮುಂಗಡದವರ ಪಾಡು ಬೇರೆಯಲ್ಲ. ಇಂಗ್ಲೆಂಡಿನಲ್ಲಿ ಫೇರ್‌ಪ್ಯಾಕ್ ಅಂತ ಒಂದು ಕಂಪನಿಯಿತ್ತು. ನಮ್ಮ ಯುಗಾದಿ ಚೀಟಿ ಇದೆಯಲ್ಲ, ತಿಂಗಳಿಗಿಷ್ಟು ಕಟ್ಟಿ ಹಬ್ಬಕ್ಕೆ ಬೇಳೆ, ಬೆಲ್ಲ, ಎಣ್ಣೆ ತಗೊಳ್ಳುವುದು, ಹಾಗೇ ಕ್ರಿಸ್‌ಮಸ್ಸಿಗೆ. 2006ರ ಅಕ್ಟೋಬರಿನಲ್ಲಿ, ಹಬ್ಬಕ್ಕೆ ಎರಡು ತಿಂಗಳಿರುವಾಗ, ಅದು ಮುಳುಗಿತು. ಒಂದು ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಬಡ ಮನೆಯವರು. ಆರು ವರ್ಷ ಕಾದ ಮೇಲೆ ಅವರಿಗೆ ಸಿಕ್ಕಿದ್ದು ಸುಮಾರು ಅರ್ಧ. ಅದರಲ್ಲೂ ಒಂದು ಪಾಲು ಜನರ ಸಿಟ್ಟಿಗೆ ಮಣಿದು ಬ್ಯಾಂಕ್ ಕೊಟ್ಟದ್ದು. 2016ರಲ್ಲಿ ಅಲ್ಲಿನ ಕಾನೂನು ಆಯೋಗ, ಅತಿ ದುರ್ಬಲ ಗಿರಾಕಿಗಳನ್ನು ಸಾಲಿನಲ್ಲಿ ಸ್ವಲ್ಪ ಮುಂದಕ್ಕೆ ತನ್ನಿ ಅಂತ ಶಿಫಾರಸು ಮಾಡಿತು.

ಇನ್ನು ನಮ್ಮಲ್ಲಿ ಹಣ ಕೇಳುವ ದಾರಿ. ಅದು ಕಂಪನಿ ಯಾವ ಸ್ಥಿತಿಯಲ್ಲಿದೆ ಅನ್ನೋದರ ಮೇಲೆ ನಿಂತಿದೆ.

ಕಂಪನಿ ಇನ್ನೂ ಉಸಿರಾಡುತ್ತಿದ್ದರೆ ತಡ ಮಾಡಬಾರದು. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿಗೆ ಬರೆದು ‘ಚಾರ್ಜ್‌ಬ್ಯಾಕ್’ ಕೇಳಬಹುದು. ನಾವೇ ಪಿನ್ ಒತ್ತಿ ಯುಪಿಐಯಲ್ಲಿ ಕಳಿಸಿದ್ದನ್ನು ಹಿಂದಕ್ಕೆ ತರಿಸುವುದು ಕಷ್ಟ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರು ಬರೆದುಕೊಳ್ಳುತ್ತದೆ. 2019ರ ಗ್ರಾಹಕ ಕಾಯ್ದೆಯಿಂದ ಆದ ಒಂದು ಉಪಕಾರವೆಂದರೆ ಕಂಪನಿ ಎಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮ್ಮ ನಾಲ್ಕೂ ತಾಲ್ಲೂಕಿನವರಿಗೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ಹೋಗಬೇಕು.

ಆದರೆ ನ್ಯಾಯಮಂಡಳಿ ದಿವಾಳಿ ಅರ್ಜಿ ಅಂಗೀಕರಿಸಿದ ದಿನವೇ ಆ ಕಂಪನಿ ಮೇಲಿನ ಕೇಸುಗಳಿಗೆಲ್ಲ ತಡೆ ಬೀಳುತ್ತದೆ. ಹಾಸನದಲ್ಲಿ ನಡೆಯುತ್ತಿದ್ದ ಕೇಸು ಅಲ್ಲಿಗೇ ನಿಲ್ಲುತ್ತದೆ, ಗೆದ್ದ ತೀರ್ಪಿದ್ದರೂ ವಸೂಲಿ ಮಾಡಲಾಗುವುದಿಲ್ಲ. ಆಗ ಉಳಿಯುವುದು ನ್ಯಾಯಮಂಡಳಿ ನೇಮಿಸಿದ ವೃತ್ತಿಪರ ಅಧಿಕಾರಿಗೆ ಕ್ಲೇಮ್ ಸಲ್ಲಿಸುವ ದಾರಿ ಮಾತ್ರ. ಮೊದಲ ಗಡುವು 14 ದಿನ. ಬೈಜೂಸ್ ವಿಷಯದಲ್ಲಿ ಅದು ಜುಲೈ 30ಕ್ಕೆ ಮುಗಿಯಿತು. ತಡವಾದರೆ ಕಾರಣ ಬರೆದು 90 ದಿನದವರೆಗೆ ಕೊಡಲು ಅವಕಾಶವಿದೆ.

ಈ 14 ದಿನ ನಮ್ಮವರಿಗೆ ತಪ್ಪಿಹೋಗುವುದು ಒಂದು ಸಣ್ಣ ಕಾರಣಕ್ಕೆ. ಪ್ರಕಟಣೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಬರಬೇಕು. ಪ್ರಾದೇಶಿಕ ಅಂದರೆ ಕಂಪನಿ ನೋಂದಣಿಯಾದ ಊರಿನ ಭಾಷೆ. ಕಂಪನಿ ಬೆಂಗಳೂರಿನದಾದರೆ ಕನ್ನಡ, ಮುಂಬೈಯದಾದರೆ ಮರಾಠಿ, ಗುರುಗ್ರಾಮದ್ದಾದರೆ ಹಿಂದಿ. ಬೇರೆಡೆ ದೊಡ್ಡ ವ್ಯವಹಾರವಿದೆ ಅಂತ ಅಧಿಕಾರಿಗೆ ಅನ್ನಿಸಿದರೆ ಅಲ್ಲೂ ಹಾಕಿಸಬಹುದು. ಅರಕಲಗೂಡಿನ ಗಿರಾಕಿಗಳಿಗಾಗಿ ಯಾರು ಹಾಕಿಸುತ್ತಾರೆ? ದಿವಾಳಿ ಮಂಡಳಿಯ ವೆಬ್‌ಸೈಟಿನಲ್ಲಿ ಎಲ್ಲ ಪ್ರಕಟಣೆಗಳೂ ಸಿಗುತ್ತವೆ, ಕಂಪನಿಯ ಹೆಸರು ಹಾಕಿ ಹುಡುಕಬಹುದು. ಹುಡುಕುವಾಗ ಆ್ಯಪಿನ ಹೆಸರಲ್ಲ, ಬಿಲ್ಲಿನಲ್ಲಿರುವ ಕಂಪನಿಯ ಹೆಸರು ಬೇಕು. ಬೈಜೂಸ್‌ನ ನೋಂದಾಯಿತ ಹೆಸರು ‘ಥಿಂಕ್ ಅಂಡ್ ಲರ್ನ್ ಪ್ರೈವೇಟ್ ಲಿಮಿಟೆಡ್’ ಅಂತ ಎಷ್ಟು ಪೋಷಕರಿಗೆ ಗೊತ್ತಿತ್ತೋ.

ಸರಕು ಅಥವಾ ಸೇವೆಯ ಬಾಕಿಗೆ ‘ನಮೂನೆ ಬಿ’, ಯಾವ ವರ್ಗಕ್ಕೂ ಸೇರದ ಬಾಕಿಗೆ ‘ನಮೂನೆ ಎಫ್’. ಜೊತೆಗೆ ಆರ್ಡರ್ ಸಂಖ್ಯೆ, ಬಿಲ್ಲು, ಹಣ ಹೋದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿ ‘ರಿಫಂಡ್ ಕೊಡುತ್ತೇವೆ’ ಅಂದ ಮೆಸೇಜು ಇರಬೇಕು. ಆ್ಯಪ್ ನಿಂತರೆ ಆರ್ಡರ್ ಪಟ್ಟಿಯೂ ಅದರ ಜೊತೆಗೇ ಹೋಗುತ್ತದೆ, ಹಾಗಾಗಿ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಂಡಿರಬೇಕು. ಹಾಸನದ ಆಯೋಗದ ತೀರ್ಪು ಕೈಯಲ್ಲಿದ್ದವರು ಅದರ ಪ್ರತಿಯನ್ನೂ ಲಗತ್ತಿಸಬೇಕು. ಕ್ಲೇಮನ್ನು ಇ-ಮೇಲ್‌ನಲ್ಲಿ ಕಳಿಸಬಹುದು, ಅಂಚೆಯಲ್ಲೂ ಕಳಿಸಬಹುದು. ಅಂಚೆಯಾದರೆ ರಸೀದಿ ಜೋಪಾನ.