ನಾಲ್ಕು ತೂತುಗಳ ಚರಿತ್ರೆ

ನಮ್ಮ ಕೊತ್ತಗೆರೆ ಕಡೆಯಿಂದ ಇಂಜಿನಿಯರಿಂಗ್ ಓದೋಕೆ ಅಂತ ತುಮಕೂರಿಗೋ ಬೆಂಗಳೂರಿಗೋ ಹೋದ ಹುಡುಗರು ಫೋನ್ ಮಾಡಿ ಕೇಳೋ ಪ್ರಶ್ನೆಗಳಲ್ಲಿ ಇದೂ ಒಂದು: “ಅಣ್ಣಾ, ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ವಾಟರ್ ಬ್ಲಾಕ್ ಒಂದು ಸಿಗ್ತಾ ಇದೆ. ನನ್ನ ಪ್ರೊಸೆಸರ್‌ಗೆ ಕೂರುತ್ತಾ?” ಕೂರುತ್ತೆ ಅಥವಾ ಕೂರಲ್ಲ, ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಯಾಕೆ ಅಂತ ಕೆದಕುತ್ತಾ ಹೋದರೆ ಅದರ ಹಿಂದೆ ಒಂದು ಇತಿಹಾಸವೇ ಇದೆ.

ವಾಟರ್ ಬ್ಲಾಕ್ ಅಂದ್ರೆ ಬೇರೇನಲ್ಲ, ಪ್ರೊಸೆಸರ್ ನೆತ್ತಿಯ ಮೇಲೆ ಕೂರುವ ತಾಮ್ರದ ಗಟ್ಟಿ. ಒಳಗೆ ಕೂದಲಿನಷ್ಟು ಸಣ್ಣ ಕಾಲುವೆಗಳು. ಅದರಲ್ಲಿ ಹರಿಯುವ ನೀರು ಬಿಸಿಯನ್ನು ಹೊತ್ತು ರೇಡಿಯೇಟರ್‌ಗೆ ಒಯ್ಯುತ್ತದೆ. ತಾಮ್ರ ಪ್ರೊಸೆಸರ್‌ಗೆ ಸರಿಯಾಗಿ ಒತ್ತಿಕೊಂಡಿದ್ದರೆ ಮಾತ್ರ ಈ ಕೆಲಸ ಆಗೋದು. ಒತ್ತಿ ಹಿಡಿಯೋದು ಸಾಮಾನ್ಯವಾಗಿ ನಾಲ್ಕು ಸ್ಕ್ರೂ. ಆ ಸ್ಕ್ರೂಗಳಿಗೆ ಮದರ್‌ಬೋರ್ಡ್‌ನಲ್ಲಿ ನಾಲ್ಕು ತೂತು. ಎಲ್ಲ ತಕರಾರೂ ಇರೋದು ಆ ತೂತುಗಳಲ್ಲೇ.

ನೀರಿನಿಂದ ಕಂಪ್ಯೂಟರ್ ತಣಿಸೋದು ಹೊಸದೇನಲ್ಲ. 1980ರಲ್ಲಿ ಐಬಿಎಂ ಹೊರತಂದ 3081 ಯಂತ್ರದಲ್ಲಿ ನೂರಕ್ಕೂ ಹೆಚ್ಚು ಚಿಪ್‌ಗಳನ್ನು ಒಂದೇ ಮಾಡ್ಯೂಲ್‌ನಲ್ಲಿಟ್ಟು, ಅದರ ಮೇಲೆ ನೀರು ಹರಿಯುವ ತಟ್ಟೆ ಕೂರಿಸಿದ್ದರು. 2015ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸೂಪರ್‌ಕಂಪ್ಯೂಟರ್ ‘ಸಹಸ್ರ ಟಿ’ ಕೂಡ ಬಿಸಿ ಕಳೆಯಲು ನೀರನ್ನೇ ನಂಬಿತ್ತು. ಅಲ್ಲೆಲ್ಲ “ಕೂರುತ್ತಾ?” ಅನ್ನೋ ಪ್ರಶ್ನೆಯೇ ಬರಲ್ಲ. ಯಂತ್ರ ಮಾಡಿದವರೇ ಅದನ್ನು ತಣಿಸುವ ವ್ಯವಸ್ಥೆಯನ್ನೂ ಅಳತೆಗೆ ತಕ್ಕಂತೆ ಮಾಡಿಕೊಡ್ತಾರೆ.

ಪ್ರಶ್ನೆ ಹುಟ್ಟಿದ್ದು ಪಿಸಿ ಲೋಕದಲ್ಲಿ. ಇಲ್ಲಿ ಪ್ರೊಸೆಸರ್ ಒಬ್ಬರದು, ಬೋರ್ಡ್ ಇನ್ನೊಬ್ಬರದು, ಕೂಲರ್ ಮತ್ತೊಬ್ಬರದು. 1990ರ ದಶಕದ ಕೊನೆಯಲ್ಲಿ ಹವ್ಯಾಸಿಗಳು ಕಾರಿನ ಹೀಟರ್ ಕೋರ್, ಮೀನಿನ ತೊಟ್ಟಿಯ ಪಂಪು ತಂದು ಮನೆಯಲ್ಲೇ ಜೋಡಿಸಿಕೊಳ್ತಿದ್ದರು. ಆಮೇಲೆ ಇದು ಅಂಗಡಿ ಸರಕಾಯ್ತು.

ಈಗ ಅಳತೆಗಳಿಗೆ ಬನ್ನಿ. 2004ರ ಇಂಟೆಲ್ ಎಲ್‌ಜಿಎ 775 ಸಾಕೆಟ್‌ನಲ್ಲಿ ಪಕ್ಕಪಕ್ಕದ ತೂತುಗಳ ನಡುವೆ 72 ಮಿ.ಮೀ. ಅಂತರ. 2008ರ 1366ರಲ್ಲಿ 80 ಮಿ.ಮೀ. 2009ರ 1156ರಲ್ಲಿ 75 ಮಿ.ಮೀ. ಈ 75 ಮಾತ್ರ 1155, 1150, 1151, 1200 ಅಂತ ಸಾಕೆಟ್ ಹೆಸರು ಬದಲಾಗ್ತಾ ಹೋದರೂ ಹನ್ನೆರಡು ವರ್ಷ ಅಲ್ಲಾಡಲಿಲ್ಲ. 2021ರಲ್ಲಿ 1700 ಬಂತು. ಚೌಕಾಕಾರದ ಪ್ರೊಸೆಸರ್ ಉದ್ದುದ್ದ ಆಯ್ತು, ಅಂತರ 78 ಮಿ.ಮೀ. ಆಯ್ತು. ವ್ಯತ್ಯಾಸ ಬರೀ ಮೂರು ಮಿ.ಮೀ. ಏಸಸ್ ಕಂಪನಿ ತನ್ನ ಕೆಲವು ಬೋರ್ಡ್‌ಗಳಲ್ಲಿ ಹಳೇ ತೂತು, ಹೊಸ ತೂತು ಎರಡನ್ನೂ ಕೊಟ್ಟಿತು. ಆದರೆ ಪ್ರೊಸೆಸರ್‌ನ ಎತ್ತರವೂ ಸ್ವಲ್ಪ ತಗ್ಗಿತ್ತು. ಹಾಗಾಗಿ ಸ್ಕ್ರೂ ಕೂತರೂ ಬ್ಲಾಕ್ ಸರಿಯಾಗಿ ಒತ್ತುತ್ತೆ ಅನ್ನೋ ಗ್ಯಾರಂಟಿ ಇರಲಿಲ್ಲ.

ಎಎಂಡಿ ಕಥೆ ಬೇರೆ. 2006ರ ಎಎಂ2ರಿಂದ ಎಎಂ3+ವರೆಗೆ 48 × 96 ಮಿ.ಮೀ. ಎಎಂ4ರಲ್ಲಿ 54 × 90 ಆಯ್ತು. 2022ರ ಎಎಂ5ರಲ್ಲಿ ತೂತುಗಳನ್ನು ಅಲ್ಲೇ ಉಳಿಸಿಕೊಂಡರು. ಹಾಗಾದ್ರೆ ಎಲ್ಲವೂ ಕೂರುತ್ತಾ? ಇಲ್ಲ. ಎಎಂ5ರಲ್ಲಿ ಪಿನ್ನುಗಳು ಪ್ರೊಸೆಸರ್ ಬಿಟ್ಟು ಸಾಕೆಟ್‌ಗೆ ಬಂದವು. ಪ್ರೊಸೆಸರನ್ನು ಒತ್ತಿ ಹಿಡಿಯೋಕೆ ಲೋಹದ ಚೌಕಟ್ಟು ಬಂತು, ಅದನ್ನು ಬೋರ್ಡ್ ಹಿಂದಿನ ಪಟ್ಟಿಗೇ ಬಿಗಿದರು. ಆ ಪಟ್ಟಿ ಬಿಚ್ಚೋ ಹಾಗಿಲ್ಲ. ಬೋರ್ಡ್‌ನದೇ ಪಟ್ಟಿಗೆ ಸ್ಕ್ರೂ ಹಾಕುವ ಕೂಲರ್ ಕೂರುತ್ತೆ, ತನ್ನದೇ ಪಟ್ಟಿ ಬೇಕು ಅನ್ನೋದು ಕೂರಲ್ಲ.

ಊರಲ್ಲಿ ಬೆಳೆದವನಾದ್ದರಿಂದ ನನಗೆ ಇದನ್ನು ನೋಡಿದಾಗೆಲ್ಲ ಟ್ರ್ಯಾಕ್ಟರ್ ನೆನಪಾಗುತ್ತೆ. ಕುಣಿಗಲ್ ಸೀಮೆಯಲ್ಲಿ ಒಬ್ಬರ ಟ್ರ್ಯಾಕ್ಟರ್‌ಗೆ ಇನ್ನೊಬ್ಬರ ರೋಟವೇಟರ್ ಹಾಕಿಕೊಂಡು ಉಳೋದು ಮಾಮೂಲು. ಎರಡೂ ಬೇರೆ ಬೇರೆ ಕಂಪನಿಯದ್ದಾದರೂ ಸರಿ. ಕಾರಣ, ಹಿಂದಿರುವ ಮೂರು ಬಿಂದುಗಳ ಕೊಂಡಿ. ಹ್ಯಾರಿ ಫರ್ಗುಸನ್ ರೂಪಿಸಿ, 1939ರಲ್ಲಿ ಫೋರ್ಡ್ ಜತೆ ಸೇರಿ ಮನೆಮಾತು ಮಾಡಿದ ವ್ಯವಸ್ಥೆ ಅದು. ಅದೇನೂ ಸುಮ್ಮನೆ ಎಲ್ಲರ ಸ್ವತ್ತಾಗಲಿಲ್ಲ. ಇಬ್ಬರಿಗೂ ಜಗಳವಾಗಿ ಕೋರ್ಟು ಮೆಟ್ಟಿಲೇರಿ, 1952ರಲ್ಲಿ ಫೋರ್ಡ್ ಕಂಪನಿ 92.5 ಲಕ್ಷ ಡಾಲರ್ ಕೊಡಬೇಕಾಯ್ತು. ಈಗ ಆ ಕೊಂಡಿಗೆ ಅಂತಾರಾಷ್ಟ್ರೀಯ ಮಾನಕವಿದೆ. ರೈತ ಕೇಳಬೇಕಾದ್ದು ಇಷ್ಟೇ: ಒಂದನೇ ವರ್ಗವೋ, ಎರಡನೆಯದೋ?

ಪ್ರೊಸೆಸರ್ ಲೋಕದಲ್ಲಿ ಅಂಥದ್ದೊಂದು ಒಪ್ಪಂದವಿಲ್ಲ. ತೂತು ಎಲ್ಲಿರಬೇಕು ಅನ್ನೋದನ್ನು ಪ್ರೊಸೆಸರ್ ಮಾಡುವವರೇ ನಿರ್ಧರಿಸ್ತಾರೆ. ಪಿನ್ನು ಹೆಚ್ಚಾದರೆ ಸಾಕೆಟ್ ದೊಡ್ಡದಾಗುತ್ತೆ, ತೂತು ಸರಿಯುತ್ತೆ. ತಾಂತ್ರಿಕ ಕಾರಣ ಇಲ್ಲ ಅಂತಲ್ಲ. ಆದರೆ ಬೆಲೆ ತೆರೋದು ಬಳಸುವವನು. ತಾಮ್ರ ಸವೆಯಲ್ಲ, ನೀರಿಗೆ ವಯಸ್ಸಾಗಲ್ಲ. ಮೂರು ಮಿಲಿಮೀಟರ್ ಸಾಕು, ಚೆನ್ನಾಗಿರೋ ಬ್ಲಾಕ್ ಗುಜರಿಗೆ. ಅಪ್ಪ ಕೊಬ್ಬರಿ ಮಾರಿ ಕಳಿಸಿದ ದುಡ್ಡಲ್ಲಿ ಪಿಸಿ ಜೋಡಿಸುವ ಹುಡುಗನಿಗೆ ಇದು ಸಣ್ಣ ವಿಷಯವಲ್ಲ.

ಸಮಾಧಾನದ ಸಂಗತಿಯೂ ಇದೆ. ಬಹಳಷ್ಟು ಬ್ಲಾಕ್‌ಗಳಲ್ಲಿ ಬದಲಾಗಬೇಕಾದ್ದು ಹಿಡಿಕೆಯ ಚೌಕಟ್ಟು ಮಾತ್ರ, ತಾಮ್ರವಲ್ಲ. ನಾಕ್ಟುವಾ ಥರದ ಕೆಲವು ಕೂಲರ್ ಕಂಪನಿಗಳು ಹೊಸ ಸಾಕೆಟ್ ಬಂದಾಗ ಹಳೇ ಗಿರಾಕಿಗಳಿಗೆ ಆ ಕಿಟ್ಟನ್ನು ಪುಕ್ಕಟೆ ಕೊಟ್ಟಿದ್ದೂ ಉಂಟು.

ಹಾಗಾಗಿ ಹುಡುಗರಿಗೆ ನಾನು ಹೇಳೋದು ನಾಲ್ಕೇ ಮಾತು. ತೂತಿನ ನಡುವಿಂದ ನಡುವಿಗೆ ಸ್ಕೇಲ್ ಇಟ್ಟು ಅಳೆಯಿರಿ. ಬೋರ್ಡ್ ಹಿಂದಿನ ಪಟ್ಟಿ ಬಿಚ್ಚಬಹುದಾ, ಬ್ಲಾಕ್‌ಗೆ ಅದು ಬೇಕಾ ನೋಡಿ. ತಾಮ್ರದ ತಳ ಪ್ರೊಸೆಸರ್ ತಲೆಯನ್ನು ಪೂರ್ತಿ ಮುಚ್ಚುತ್ತಾ ನೋಡಿ. ಕೊನೆಯದಾಗಿ, ನಿಮ್ಮ ಸಾಕೆಟ್‌ಗೆ ಅಂತಲೇ ಮಾಡಿದ ಕಿಟ್ ಸಿಗುತ್ತಾ ವಿಚಾರಿಸಿ, ಆಮೇಲೆ ದುಡ್ಡು ಎಣಿಸಿ. ಅಂಗಡಿಯವರು “ಕೂರುತ್ತೆ ತಗೊಳ್ಳಿ ಸಾರ್” ಅಂದರೂ ಜೇಬಲ್ಲಿ ಸ್ಕೇಲ್ ಇರಲಿ.