ಜಾವಾ ಕಾರ್ಖಾನೆ ಮುಚ್ಚಿದರೂ ಬೇರಿಂಗ್ ಸಿಗುತ್ತದೆ

ಜೆಕೊಸ್ಲೊವಾಕಿಯಾದ ಜಾವಾ ಬೈಕು 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಆಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಕಡೂರು, ತರೀಕೆರೆ, ಅಜ್ಜಂಪುರ ಕಡೆ ಹಳೆ ಗಾಡಿ ಉಳಿಸಿಕೊಂಡವರಿಗೆ ಬಿಡಿಭಾಗದ್ದೇ ಚಿಂತೆ. ಆದರೆ ಚಕ್ರದ ಬೇರಿಂಗಿಗೆ ನಾವು ಅಷ್ಟು ಹೆದರಬೇಕಿಲ್ಲ.

ಎತ್ತಿನ ಗಾಡಿಯ ಕಾಲದಲ್ಲಿ ಊರಿನ ಬಡಗಿ, ಕಮ್ಮಾರರೇ ಅಳತೆ ನೋಡಿ ಅಚ್ಚು ಕೂರಿಸಿ ಕಡಾಣಿ ಹಾಕುತ್ತಿದ್ದರು. ಬೇರಿಂಗ್ ಬಂದ ಮೇಲೆ ಅಳತೆಗೆ ನಂಬರ್ ಬಂತು. ಉದಾಹರಣೆಗೆ 6203 ಎಂದರೆ ಒಳತೂತು 17, ಹೊರ ಅಗಲ 40, ದಪ್ಪ 12 ಮಿಲಿಮೀಟರ್. ಯಾವ ಕಂಪನಿಯದಾದರೂ ಇದೇ ಅಳತೆ. ಬೈಕ್ ಕಾರ್ಖಾನೆ ಹೋದರೂ ನಂಬರ್ ಹೋಗಲಿಲ್ಲ.

ಹಾಗಾಗಿ ಹಳೆ ಬೇರಿಂಗನ್ನು ಗುಜರಿಗೆ ಎಸೆಯುವ ಮುನ್ನ ಒರೆಸಿ ನಂಬರ್ ಬರೆದಿಡಿ. ನಂಬರ್ ಅಳಿಸಿದ್ದರೆ ವರ್ನಿಯರ್‌ನಿಂದ ಮೂರೂ ಅಳತೆ ತೆಗೆಸಿ. ಹೊಸದನ್ನು ಹಬ್ಬಿಗೆ ಕೂರಿಸುವಾಗ ಹೊರಬಳೆಯ ಮೇಲಷ್ಟೇ ಒತ್ತಬೇಕು. ಒಳಬಳೆಗೆ ಬಡಿದರೆ ಒಳಗಿನ ಗುಂಡುಗಳು ಓಡುವ ದಾರಿಯೇ ಕೆಡುತ್ತದೆ. ತೆಗೆದ ಸರ್ಕ್ಲಿಪ್ ಮರಳಿ ಗಾಡಿಯೊಳಗೆ ಸರಿಯಾಗಿ ಕೂರಲಿ. ಗಾಡಿಗೆ ಕಡಾಣಿ ಹೇಗೋ, ಬೇರಿಂಗಿಗೆ ಅದು ಹಾಗೆ. ಚಕ್ರ ಅಲುಗಿದರೆ ಹೋಗುವುದು ಬಿಡಿಭಾಗವಲ್ಲ, ಜೀವ.